ಬರೆದಿರುವುದು ಹನ್ನೆರಡು, ಮೀಟರ್ ಹೇಳುವುದು ಹದಿನೇಳು

ಪ್ರಶ್ನೆ: ಅಮ್ಮನ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಅಡಾಪ್ಟರ್ ಕೆಟ್ಟುಹೋಯಿತು. ಹಳೆಯದು ಒಳ್ಳೆ ಭಾರ ಇತ್ತು, ಚೀಟಿ ಸವೆದು ಏನೂ ಓದಲು ಬರುತ್ತಿರಲಿಲ್ಲ. ಪೆಟ್ಟಿಗೆಯ ಹಿಂದೆ ‘12 ವೋಲ್ಟ್ ಡಿಸಿ’ ಅಂತ ಮಾತ್ರ ಇದೆ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನಲ್ಲಿ ಹೆಚ್ಚುಕಡಿಮೆ ಅದೇ ಗಾತ್ರ, ಅದೇ ತೂಕದ್ದು ತಂದೆ. ಮೇಲೆ ‘12 ವೋಲ್ಟ್ ಡಿಸಿ, 500 ಮಿಲಿಆಂಪ್’ ಅಂತಿದೆ. ಮನೆಗೆ ಬಂದು ಮಲ್ಟಿಮೀಟರ್ ಹಿಡಿದರೆ 17.4 ವೋಲ್ಟ್! ಅಂಗಡಿಗೆ ಫೋನ್ ಮಾಡಿದೆ. “ಲೋಡ್ ಕೊಡಿ ಸಾರ್, ಇಳಿಯುತ್ತೆ” ಅಂದರು. ಪೆಟ್ಟಿಗೆಗೆ ಚುಚ್ಚಲು ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲಿಗೆ, ನಿಮ್ಮ ಅಡಾಪ್ಟರ್ ಕೆಟ್ಟಿಲ್ಲ. ಅಂಗಡಿಯವರು ಸುಳ್ಳೂ ಹೇಳಿಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತ್ರ. ಲೋಡ್ ಕೊಟ್ಟರೆ, ಅಂದರೆ ಕರೆಂಟು ಎಳೆಯುವ ಸಾಮಾನನ್ನು ಜೋಡಿಸಿದರೆ, ವೋಲ್ಟೇಜ್ ಇಳಿಯುವುದು ನಿಜ. ಎಷ್ಟು ಲೋಡಿಗೆ ಎಷ್ಟು ಇಳಿಯುತ್ತದೆ? ಇಳಿದು ನಿಂತದ್ದನ್ನು ಅಮ್ಮನ ಪೆಟ್ಟಿಗೆ ತಡೆದುಕೊಳ್ಳುತ್ತದೆಯೇ? ನೋಡಬೇಕಾದ್ದು ಇವೆರಡನ್ನು.

ಚುಚ್ಚದೆ ಮೀಟರ್ ಹಿಡಿದು ನೋಡಿದ್ದು ಒಳ್ಳೆಯದಾಯಿತು. ನಾನು ಹುಡುಗನಾಗಿದ್ದಾಗ ಹಾಗೆ ಮಾಡಲಿಲ್ಲ, ಅದರ ಕತೆ ಆಮೇಲೆ ಹೇಳುತ್ತೇನೆ.

ಅಡಾಪ್ಟರಿನ ಮೇಲೆ ಬರೆದದ್ದನ್ನು ನಾವು ಎರಡು ಬೇರೆ ಬೇರೆ ಮಾತು ಅಂತ ಓದುತ್ತೇವೆ. 12 ವೋಲ್ಟ್ ಕೊಡುತ್ತದೆ, 500 ಮಿಲಿಆಂಪ್ ತನಕ ತಡೆಯುತ್ತದೆ ಅಂತ. ನಿಮ್ಮ ಹತ್ತಿರ ಇರುವಂಥ ಅಡಾಪ್ಟರಿನಲ್ಲಿ ಎರಡೂ ಸೇರಿ ಒಂದೇ ಮಾತು: 500 ಮಿಲಿಆಂಪ್ ಎಳೆದಾಗ 12 ವೋಲ್ಟ್. ಕಮ್ಮಿ ಎಳೆದರೆ ವೋಲ್ಟೇಜ್ ಜಾಸ್ತಿ. ಏನೂ ಎಳೆಯದಿದ್ದರೆ ಎಲ್ಲಕ್ಕಿಂತ ಜಾಸ್ತಿ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ. ಹಾಗಾಗಿ ನೀವು ನೋಡಿದ್ದು ಅದರ ತುತ್ತತುದಿ.

ಇಂಥದ್ದಕ್ಕೆ ‘ಅನ್‌ರೆಗ್ಯುಲೇಟೆಡ್’ ಅಡಾಪ್ಟರ್ ಅನ್ನುತ್ತಾರೆ, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡದ ಅಡಾಪ್ಟರ್. ನಮ್ಮ ಅಪ್ಪಂದಿರ ಕಾಲದಲ್ಲಿ ಇದೇ ‘ಬ್ಯಾಟರಿ ಎಲಿಮಿನೇಟರ್’. ಇಂದಿಗೂ ರೇಡಿಯೊ ರಿಪೇರಿ ಮಾಡುವ ಹಳಬರು ಎಲಿಮಿನೇಟರ್ ಅಂತಲೇ ಕರೆಯುತ್ತಾರೆ.

ಒಳಗೆ ಏನಿದೆ ಅಂತ ನೋಡಿದರೆ ಅಚ್ಚರಿಯಾಗುವಷ್ಟು ಕಮ್ಮಿ ಸಾಮಾನು. ಕಬ್ಬಿಣದ ತಗಡುಗಳ ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಟ್ರಾನ್ಸ್‌ಫಾರ್ಮರ್. 230 ವೋಲ್ಟನ್ನು ತಗ್ಗಿಸುವುದು ಇದು, ಭಾರವೆಲ್ಲ ಅದರದ್ದೇ. ಆಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್, ಸಾಮಾನ್ಯವಾಗಿ 1ಎನ್4007 ಅನ್ನುವ ನಮೂನೆ. ಕೊನೆಗೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್, ಅಳತೆ 1000 ಮೈಕ್ರೊಫ್ಯಾರಡ್ ಅಂತಿಟ್ಟುಕೊಳ್ಳಿ. ಅಷ್ಟೆ. ‘12ರ ಮೇಲೆ ಹೋಗಬೇಡ’ ಅಂತ ಹೇಳುವವರು ಅಲ್ಲಿ ಯಾರೂ ಇಲ್ಲ.

ಈಗ 17.4 ಎಲ್ಲಿಂದ ಬಂತು? ಲೆಕ್ಕ ಹಾಕೋಣ. ಮೇಲೆ ಬರೆದಿರುವ 12 ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಟ್ರಾನ್ಸ್‌ಫಾರ್ಮರಿನಿಂದ ಬರುವುದು ಎಸಿ, ಅಲೆಯ ಹಾಗೆ ಏರಿಳಿಯುತ್ತಾ ದಿಕ್ಕು ಬದಲಿಸುವಂಥದ್ದು. ಎಸಿಯನ್ನು ನಾವು ಎಷ್ಟು ವೋಲ್ಟ್ ಅಂತ ಹೇಳುತ್ತೇವೋ ಅದು ಅದರ ಒಂದು ಬಗೆಯ ಸರಾಸರಿ. ಅಲೆಯ ನೆತ್ತಿ ಅದಕ್ಕಿಂತ 1.414 ಪಟ್ಟು ಎತ್ತರ. ನಮ್ಮ ಮನೆಯ 230 ವೋಲ್ಟ್ ಕೂಡ ನೆತ್ತಿಯಲ್ಲಿ 325 ಮುಟ್ಟುತ್ತದೆ. ಏನೂ ಲೋಡ್ ಇಲ್ಲದಾಗ ನಿಮ್ಮ ಟ್ರಾನ್ಸ್‌ಫಾರ್ಮರ್ ಸುಮಾರು 13.2 ವೋಲ್ಟ್ ಎಸಿ ಕೊಡುತ್ತಿರಬೇಕು. ನೆತ್ತಿಯಲ್ಲಿ ಅದು 18.7. ಕರೆಂಟು ಒಂದು ಸಲಕ್ಕೆ ಎರಡು ಡಯೋಡ್ ದಾಟಿ ಬರಬೇಕು, ಅವುಗಳ ಸುಂಕ ಒಂದು ಚಿಲ್ಲರೆ ವೋಲ್ಟ್. ಉಳಿದದ್ದು 17.4. ಕೆಪಾಸಿಟರ್ ನೆತ್ತಿಯ ತನಕ ತುಂಬಿಕೊಳ್ಳುತ್ತದೆ. ಎಳೆಯುವವರು ಇಲ್ಲದಿದ್ದರೆ ಹಾಗೇ ತುಂಬಿ ಕೂತಿರುತ್ತದೆ. ಮೀಟರ್ ತೋರಿಸಿದ್ದು ಅದನ್ನೇ.

ಲೋಡ್ ಬಿದ್ದಾಗ ಮೂರು ಕಡೆಯಿಂದ ಸೋರಿಕೆ ಶುರುವಾಗುತ್ತದೆ. ದೊಡ್ಡದು ಟ್ರಾನ್ಸ್‌ಫಾರ್ಮರಿನದು. ಹಳ್ಳಿಯಲ್ಲಿ ಪಂಪ್‌ಸೆಟ್ ಹಾಕಿದ ಕೂಡಲೇ ಮನೆಯ ಬಲ್ಬು ಮಂಕಾಗುವುದನ್ನು ನೋಡಿದ್ದೀರಿ ಅಲ್ವಾ? ದೂರದಿಂದ ಎಳೆದು ತಂದ ತಂತಿಯಲ್ಲಿ ಜಾಸ್ತಿ ಕರೆಂಟು ಹರಿದರೆ ದಾರಿಯಲ್ಲೇ ವೋಲ್ಟೇಜ್ ಕರಗುತ್ತದೆ. ನಿಮ್ಮ ಅಂಗೈಯಲ್ಲಿರುವ ಡಬ್ಬಿಯಲ್ಲೂ ಅದೇ ಆಟ. ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ಕೂದಲಿನಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಅದರ ತಡೆ ಜಾಸ್ತಿ. ಹಾಗಾಗಿ ಪೂರ್ತಿ ಲೋಡಿಗೆ 13.2 ಇದ್ದದ್ದು 11ಕ್ಕೆ ಬಂದರೆ ಆಶ್ಚರ್ಯ ಇಲ್ಲ. ಎರಡನೆಯದು, ಡಯೋಡ್‌ಗಳು ಇನ್ನೂ ಅರ್ಧ ವೋಲ್ಟ್ ಜಾಸ್ತಿ ತಿನ್ನುತ್ತವೆ. ಮೂರನೆಯದು ಕೆಪಾಸಿಟರಿನದು. ಸೆಕೆಂಡಿಗೆ 100 ಸಲ ಅದು ನೆತ್ತಿಯ ತನಕ ತುಂಬಿ, ಮುಂದಿನ ನೆತ್ತಿ ಬರುವಷ್ಟರಲ್ಲಿ ಮೂರು ನಾಲ್ಕು ವೋಲ್ಟ್ ಖಾಲಿಯಾಗುತ್ತದೆ. ಮೀಟರ್ ಈ ಏರಿಳಿತವನ್ನು ತೋರಿಸುವುದಿಲ್ಲ, ಸರಾಸರಿ ಹೇಳಿ ಸುಮ್ಮನಾಗುತ್ತದೆ. 11ರ ನೆತ್ತಿ 15.6, ಡಯೋಡ್ ಕಳೆದರೆ 13.8, ಏರಿಳಿತದ ಅರ್ಧ ಕಳೆದರೆ ಬಂತು ನಿಮ್ಮ 12. ನೋಡಿ, ಚೀಟಿ ಸುಳ್ಳು ಹೇಳಿಲ್ಲ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ನೀವೇ ಮಾಡಿ ನೋಡಿ. ಆಟೊ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ 12 ವೋಲ್ಟ್, 5 ವ್ಯಾಟ್‌ನ ಚಿಕ್ಕ ಪಾರ್ಕಿಂಗ್ ಬಲ್ಬ್ ಕೇಳಿ. ಎಲ್‌ಇಡಿ ಬೇಡ, ಒಳಗೆ ತಂತಿ ಇರುವ ಹಳೆಯ ನಮೂನೆಯದೇ ಬೇಕು. 12 ವೋಲ್ಟಿಗೆ ಅದು ಸುಮಾರು 400 ಮಿಲಿಆಂಪ್ ಎಳೆಯುತ್ತದೆ. ಅಡಾಪ್ಟರಿನ ಪಿನ್ನಿಗೆ ಸರಿಹೋಗುವ ಸಾಕೆಟ್ಟಿಗೆ ಎರಡು ವೈರ್ ಹಾಕಿ ಬಲ್ಬಿಗೆ ಜೋಡಿಸಿ. ಸಾಕೆಟ್ಟಿನಿಂದ ಬರುವ ಆ ಎರಡು ವೈರಿಗೆ ಮೀಟರ್ ಹಿಡಿದುಕೊಂಡು ಆಮೇಲೆ ಪ್ಲಗ್ ಹಾಕಿ. ಬಲ್ಬು ಹತ್ತುತ್ತದೆ, ಮೀಟರ್ 12.5ರಿಂದ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೀಟರ್ ವೈರಿನ ಮೇಲೇ ಇರಲಿ, ಬಲ್ಬಿನಿಂದ ಒಂದು ವೈರ್ ಬಿಡಿಸಿ. ಅಂಕಿ ಟಕ್ ಅಂತ 17ಕ್ಕೆ ಹಾರುತ್ತದೆ. ಮತ್ತೆ ಮುಟ್ಟಿಸಿ, ಕೆಳಗೆ ಬೀಳುತ್ತದೆ. ನಾನು ಇದನ್ನು ಮಕ್ಕಳಿಗೆ ತೋರಿಸುವಾಗ ನಾಲ್ಕೈದು ಸಲ ಮಾಡಿಸುತ್ತೇನೆ. ಇಂಡಿಕೇಟರ್‌ಗೆ ಹಾಕುವ 10 ವ್ಯಾಟ್ ಬಲ್ಬ್ ಮಾತ್ರ ಬೇಡ. ಅದು 800 ಮಿಲಿಆಂಪಿನ ಹತ್ತಿರ ಕೇಳುತ್ತದೆ, ನಿಮ್ಮ ಡಬ್ಬಿಯ ಶಕ್ತಿ ಮೀರಿದ್ದು.

ಈ ಬಲ್ಬಿನ ಪರೀಕ್ಷೆಗೆ ಇನ್ನೊಂದು ಉಪಯೋಗ ಇದೆ. ಹಳೆಯ ಅಡಾಪ್ಟರುಗಳಲ್ಲಿ ಕೆಪಾಸಿಟರ್ ವರ್ಷಗಟ್ಟಲೆ ಬಿಸಿ ತಿಂದು ಒಣಗಿರುತ್ತದೆ. ಲೋಡ್ ಇಲ್ಲದಾಗ ಅಂಥದ್ದೂ 17 ತೋರಿಸುತ್ತದೆ. ಎಳೆಯುವವರು ಇಲ್ಲದಾಗ ತುಂಬಿ ಕೂತಿರಲು ಒಣಗಿದ ಕೆಪಾಸಿಟರೂ ಸಾಕು. ಬಲ್ಬ್ ಹಾಕಿದ ಕೂಡಲೇ 9ಕ್ಕೋ 10ಕ್ಕೋ ಕುಸಿಯುತ್ತದೆ. ರೇಡಿಯೊದಲ್ಲಾದರೆ ‘ಗುಂಯ್’ ಅನ್ನುವ ಸದ್ದು. ಅಂದರೆ ಲೋಡ್ ಇಲ್ಲದೆ ಹಿಡಿದ ಮೀಟರ್ ಎರಡು ಕಡೆಗೂ ದಾರಿ ತಪ್ಪಿಸುತ್ತದೆ. ಒಳ್ಳೆಯದನ್ನು ಕೆಟ್ಟದ್ದು ಅಂತ ಹೆದರಿಸುತ್ತದೆ, ಕೆಟ್ಟದ್ದನ್ನು ಒಳ್ಳೆಯದು ಅಂತ ನಂಬಿಸುತ್ತದೆ.

ಈಗ ಅಮ್ಮನ ಪೆಟ್ಟಿಗೆಗೆ ಬರೋಣ. ಅದು 500 ಮಿಲಿಆಂಪ್ ಎಳೆಯುವ ಸಾಮಾನೇ ಅಲ್ಲ. 120 ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ಅದಕ್ಕೆ ಸಿಗುವುದು 12 ಅಲ್ಲ, ಹದಿನೈದೂವರೆಯ ಹತ್ತಿರ. ವಾಲ್ಯೂಮ್ ತಿರುಗಿಸಿದರೆ ಸ್ವಲ್ಪ ಇಳಿಯುತ್ತದೆ, ತಗ್ಗಿಸಿದರೆ ಏರುತ್ತದೆ. ರಾತ್ರಿ ಹೊತ್ತು ಊರೆಲ್ಲ ಮಲಗಿ ಲೈನಿನಲ್ಲಿ 250 ಬಂತೋ, ಲೋಡ್ ಇಲ್ಲದ ಅಡಾಪ್ಟರ್ 19 ದಾಟುತ್ತದೆ. ಸಂಜೆ ಲೈನ್ 190ಕ್ಕೆ ಬಿತ್ತೋ, ಪೂರ್ತಿ ಲೋಡಿನಲ್ಲಿ 9 ಚಿಲ್ಲರೆಗೆ ಇಳಿಯುತ್ತದೆ. ಗೋಡೆಯಲ್ಲಿ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ, ಅದೇ ಪ್ರಮಾಣದಲ್ಲಿ.

ಹಾಗಾದರೆ ಪೆಟ್ಟಿಗೆ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಇಂಥ ಅಡಾಪ್ಟರುಗಳನ್ನೇ ಬಳಸುತ್ತಿದ್ದ ಕಾಲದಲ್ಲಿ ‘12 ವೋಲ್ಟ್ ಡಿಸಿ’ ಅಂತ ಬರೆದರೆ, 12ರಿಂದ 17–18ರ ತನಕ ಏನೇ ಬಂದರೂ ತಡೆದುಕೊಳ್ಳುವ ಹಾಗೆ ಮಾಡುವುದು ವಾಡಿಕೆ. ಒಳಗೆ ಮೂರು ಕಾಲಿನ ಒಂದು ರೆಗ್ಯುಲೇಟರ್ ಇಡುತ್ತಿದ್ದರು. ಅದರ ಮೇಲೆ 7805, 7809, 7812 ಅಂತ ಬರೆದಿರುತ್ತದೆ. ಕೊನೆಯ ಎರಡು ಅಂಕಿ ಅದು ಕೊಡುವ ವೋಲ್ಟೇಜು. 7809 ಆದರೆ, ಮೇಲಿನಿಂದ 12 ಬರಲಿ 17 ಬರಲಿ, ಕೆಳಗೆ 9 ಮಾತ್ರ ಬಿಡುತ್ತದೆ. ಉಳಿದದ್ದನ್ನು ಬಿಸಿಯಾಗಿಸಿ ಕಳೆಯುತ್ತದೆ. ಈ ಮೂರಕ್ಕೂ 35 ವೋಲ್ಟ್ ತನಕ ತಡೆಯುವ ತಾಕತ್ತು ಇದೆ.

ನಿಮ್ಮ ಪತ್ರದಲ್ಲೇ ಒಂದು ದೊಡ್ಡ ಸುಳಿವು ಇದೆ. ಹಳೆಯದೂ ಭಾರ ಇತ್ತು, ಗಾತ್ರವೂ ಹೆಚ್ಚುಕಡಿಮೆ ಇದೇ. ಅಂದರೆ ಅದೂ ಇದೇ ಜಾತಿ. ಇಷ್ಟು ವರ್ಷ ಪೆಟ್ಟಿಗೆ ಹದಿನೈದೋ ಹದಿನಾರೋ ವೋಲ್ಟ್ ಕುಡಿದುಕೊಂಡೇ ಹಾಡಿದೆ, ನೀವು ಅಳೆದಿರಲಿಲ್ಲ ಅಷ್ಟೆ.

ಆದರೂ ಊಹೆಯ ಮೇಲೆ ಅಮ್ಮನ ಪೆಟ್ಟಿಗೆ ಪಣಕ್ಕಿಡುವುದು ಬೇಡ. ಹತ್ತು ನಿಮಿಷದ ಕೆಲಸ. ಅಡಾಪ್ಟರ್ ಕಿತ್ತಿಟ್ಟು, ಬ್ಯಾಟರಿ ಇದ್ದರೆ ತೆಗೆದು, ಪೆಟ್ಟಿಗೆಯ ಹಿಂದಿನ ಸ್ಕ್ರೂ ಬಿಚ್ಚಿ. ಅಡಾಪ್ಟರ್ ಚುಚ್ಚುವ ಸಾಕೆಟ್ಟಿನಿಂದ ವೈರ್ ಎಲ್ಲಿಗೆ ಹೋಗುತ್ತದೆ ನೋಡಿ. ಮೊದಲು ಸಿಗುವ ದುಂಡನೆಯ ಕೆಪಾಸಿಟರಿನ ಮೈಮೇಲೆ ಎರಡು ಸಂಖ್ಯೆ ಇರುತ್ತವೆ. ಮೈಕ್ರೊಫ್ಯಾರಡ್ ಬಿಡಿ, ಪಕ್ಕದ ವೋಲ್ಟ್ ಓದಿ. 25 ಅಂತಿದ್ದರೆ, ಹತ್ತಿರದಲ್ಲಿ 78ರಿಂದ ಶುರುವಾಗುವ ಮೂರು ಕಾಲಿನದು ಕೂತಿದ್ದರೆ, ನಿಮ್ಮ ಹೊಸ ಅಡಾಪ್ಟರನ್ನು ಧೈರ್ಯವಾಗಿ ಹಾಕಿ. 16 ಅಂತಿದ್ದರೆ ಹಾಕಬೇಡಿ. 16ರ ಕೆಪಾಸಿಟರಿಗೆ 17.4 ಕೊಟ್ಟರೆ ಅವತ್ತೇ ಒಡೆಯಬೇಕೆಂದಿಲ್ಲ, ಕೆಲವು ತಿಂಗಳು ನಡೆಯಬಹುದು. ಆದರೆ ಅದರ ಆಯಸ್ಸು ಮುಗಿಯುತ್ತಾ ಬಂತು ಅಂತಲೇ ಲೆಕ್ಕ.

ನನ್ನ ಕತೆ ಹೇಳುತ್ತೇನೆ ಅಂದಿದ್ದೆ. ನಾಲ್ಕು ಸೆಲ್ಲಿನ, ಅಂದರೆ 6 ವೋಲ್ಟಿನ, ಒಂದು ಟ್ರಾನ್ಸಿಸ್ಟರ್ ರೇಡಿಯೊ ಮನೆಯಲ್ಲಿತ್ತು. ಸೆಲ್ಲಿನ ಖರ್ಚು ಉಳಿಸೋಣ ಅಂತ ಒಂದು ‘ಯೂನಿವರ್ಸಲ್’ ಎಲಿಮಿನೇಟರ್ ತಂದೆ. ಪಕ್ಕದಲ್ಲಿ 3, 4.5, 6, 7.5, 9, 12 ಅಂತ ಜಾರಿಸುವ ಸ್ವಿಚ್ಚು, ತುದಿಯಲ್ಲಿ ನಕ್ಷತ್ರದ ಹಾಗೆ ನಾಲ್ಕೈದು ಬಗೆಯ ಪಿನ್ನು. 6ಕ್ಕೆ ಇಟ್ಟು ಚುಚ್ಚಿದೆ. ರೇಡಿಯೊ ಎಂದಿಲ್ಲದ ಜೋರಿನಲ್ಲಿ ಹಾಡಿತು, ನನಗೂ ಖುಷಿ. ಒಂದು ವಾರ ಹಾಗೇ ನಡೆಯಿತು. ಒಂದು ಮಧ್ಯಾಹ್ನ ‘ಟಪ್’ ಅಂತು. ಹಿಂದಿನ ಜಾಲರಿಯಿಂದ ಬಿಳಿ ಹೊಗೆ, ಕೊಳೆತ ಮೀನಿನಂಥ ವಾಸನೆ. ಬಿಚ್ಚಿ ನೋಡಿದರೆ 10 ವೋಲ್ಟಿನ ಕೆಪಾಸಿಟರ್ ತಲೆ ಹಾರಿಸಿಕೊಂಡು ಒಳಗೆಲ್ಲ ಹತ್ತಿಯಂಥ ಚೂರು ಚೆಲ್ಲಿತ್ತು. ಆಮೇಲೆ ಅಳೆದೆ. 6 ಅಂತ ಬರೆದ ಕಡೆ ಬರುತ್ತಿದ್ದದ್ದು ಹತ್ತಕ್ಕೂ ಮೇಲೆ. ಸೆಲ್ ಹಾಕಲೆಂದು ಮಾಡಿದ ರೇಡಿಯೊದಲ್ಲಿ ರೆಗ್ಯುಲೇಟರ್ ಯಾಕಿರುತ್ತದೆ ಹೇಳಿ? ನಾಲ್ಕು ಹೊಸ ಸೆಲ್ಲಿಗೆ ಆರೂವರೆ ಮೀರುವ ಮಾತೇ ಇಲ್ಲ.

ಇಲ್ಲೇ ಹೇಳಿಬಿಡುತ್ತೇನೆ. ‘ಆಂಪ್ ಜಾಸ್ತಿ ಇದ್ದರೆ ಪರವಾಗಿಲ್ಲ, ಸಾಮಾನು ತನಗೆ ಬೇಕಾದಷ್ಟು ಮಾತ್ರ ಎಳೆಯುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಇವತ್ತಿನ ಹಗುರ ಅಡಾಪ್ಟರುಗಳ ಮಟ್ಟಿಗೆ ಇದು ಸರಿ. ಎಲಿಮಿನೇಟರ್ ಜಾತಿಗೆ ಸರಿಯಲ್ಲ. 500 ಮಿಲಿಆಂಪಿನ ಜಾಗಕ್ಕೆ 1 ಆಂಪಿನದು ತಂದರೆ, 120 ಮಿಲಿಆಂಪ್ ಎಳೆಯುವ ಪೆಟ್ಟಿಗೆ ಅದಕ್ಕೆ ಲೋಡೇ ಅಲ್ಲ. ವೋಲ್ಟೇಜ್ ಇನ್ನೂ ಮೇಲೆಯೇ ನಿಂತಿರುತ್ತದೆ. ನೀವು 500ರದ್ದನ್ನೇ ತಂದದ್ದು ಒಳ್ಳೆಯದಾಯಿತು.

ಹಗುರದ್ದು ಅಂದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ, ಚಿಕ್ಕದಾಗಿ ಎಸ್‌ಎಂಪಿಎಸ್. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಖಾಲಿ ಬೆಂಕಿಪೊಟ್ಟಣದ ಹಾಗಿರುತ್ತದೆ. ಚೀಟಿಯಲ್ಲಿ ‘ಇನ್‌ಪುಟ್ 100–240 ವೋಲ್ಟ್’ ಅಂತಿದ್ದರೆ ಅನುಮಾನವೇ ಬೇಡ, ಅದು ಎಸ್‌ಎಂಪಿಎಸ್. ಬರೀ ‘230 ವೋಲ್ಟ್, 50 ಹರ್ಟ್ಸ್’ ಅಂತಿದ್ದು ಭಾರವೂ ಇದ್ದರೆ ಹಳೆಯ ಜಾತಿ. ಎಸ್‌ಎಂಪಿಎಸ್ ತನ್ನ ವೋಲ್ಟೇಜನ್ನು ತಾನೇ ನೋಡಿಕೊಂಡು ಸರಿಮಾಡುತ್ತಿರುತ್ತದೆ. ಲೋಡ್ ಇದ್ದರೂ ಇಲ್ಲದಿದ್ದರೂ 12ರ ಆಚೀಚೆ ಹೆಚ್ಚು ಹೋಗುವುದಿಲ್ಲ. ಅಮೆರಿಕದಲ್ಲಿ 2008ರಿಂದ, ಯುರೋಪಿನಲ್ಲಿ 2010ರಿಂದ ಅಡಾಪ್ಟರುಗಳು ಸುಮ್ಮನೆ ಕೂತಾಗ ಎಷ್ಟು ಕರೆಂಟು ತಿನ್ನಬಹುದು ಅನ್ನುವುದಕ್ಕೆ ಕಾನೂನಿನ ಮಿತಿ ಬಂತು, ಅರ್ಧ ವ್ಯಾಟ್. ಕಬ್ಬಿಣದ ಎಲಿಮಿನೇಟರ್ ಒಂದು, ಒಂದೂವರೆ ವ್ಯಾಟ್ ಸುಮ್ಮನೆ ಬಿಸಿಯಾಗಿ ಕಳೆಯುತ್ತದೆ. ಏನೂ ಚುಚ್ಚದಿದ್ದರೂ ಅದು ಬೆಚ್ಚಗಿರುವುದು ಇದಕ್ಕೇ. ವರ್ಷವಿಡೀ ಗೋಡೆಯಲ್ಲೇ ಬಿಟ್ಟರೆ ಒಂಬತ್ತರಿಂದ ಹದಿಮೂರು ಯೂನಿಟ್. ಹೀಗಾಗಿ ಅಲ್ಲೆಲ್ಲ ಅವು ಮೂಲೆಗೆ ಸರಿದವು. ನಮ್ಮ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ.

‘ಹಾಗಾದರೆ ಎಸ್‌ಎಂಪಿಎಸ್ ತಂದರೆ ಮುಗಿಯಿತಲ್ಲ’ ಅನ್ನುತ್ತೀರಿ. ಹೆಚ್ಚಿನ ಸಾಮಾನಿಗೆ ಹೌದು. ರೂಟರ್, ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಪಟ್ಟಿಗೆ ಕಣ್ಣುಮುಚ್ಚಿ ಅದನ್ನೇ ತನ್ನಿ. ಎಲ್‌ಇಡಿ ಪಟ್ಟಿಗಂತೂ ಎಲಿಮಿನೇಟರ್ ಹಾಕಲೇಬೇಡಿ. ಶ್ರುತಿ ಪೆಟ್ಟಿಗೆಯಲ್ಲಿ ಮಾತ್ರ ಎರಡು ತೊಡಕು. ಒಂದು, ಒಳಗಿರುವುದು 7812 ಆಗಿದ್ದರೆ 12 ಹೊರಡಿಸಲು ಅದಕ್ಕೆ ಮೇಲಿನಿಂದ ಸುಮಾರು 14 ಬೇಕು. ಇದರ ಜಾತಿಯವೆಲ್ಲ ಎರಡು ವೋಲ್ಟ್ ತಮ್ಮ ಪಾಲಿಗೆ ಇಟ್ಟುಕೊಳ್ಳುತ್ತವೆ. ಅಚ್ಚುಕಟ್ಟಾದ 12 ಕೊಟ್ಟರೆ ಕೆಳಗೆ ಬರುವುದು 10 ಚಿಲ್ಲರೆ. ವಾಲ್ಯೂಮ್ ಏರಿಸಿದಾಗ ಸ್ವರ ಒಡೆದ ಹಾಗೆ ಕೇಳಬಹುದು. ‘ಹೊಸ ಒಳ್ಳೆ ಅಡಾಪ್ಟರ್ ಹಾಕಿದ ಮೇಲೇ ಹಾಳಾಯಿತು’ ಅಂತ ಜನ ತಲೆಕೆಡಿಸಿಕೊಳ್ಳುವುದು ಇಂಥ ಕಡೆ. ಎರಡು, ಅಗ್ಗದ ಎಸ್‌ಎಂಪಿಎಸ್ ತನ್ನದೇ ಒಂದು ಸಣ್ಣ ಕೀಚಲು ಸದ್ದನ್ನು ಸ್ಪೀಕರಿಗೆ ಸೇರಿಸುವುದುಂಟು. ರೂಟರಿಗೆ ಅದು ಲೆಕ್ಕಕ್ಕಿಲ್ಲ. ಷಡ್ಜ ಹಿಡಿದು ಕೂತ ಅಮ್ಮನ ಕಿವಿಗೆ ತಪ್ಪುವುದಿಲ್ಲ.

ಹಾಗಾಗಿ ನನ್ನ ಸಲಹೆ ಇದು. ಒಳಗೆ 25 ವೋಲ್ಟಿನ ಕೆಪಾಸಿಟರೂ ರೆಗ್ಯುಲೇಟರೂ ಕಂಡರೆ, ತಂದದ್ದನ್ನೇ ಹಾಕಿ. ರೆಗ್ಯುಲೇಟರ್ ಇಲ್ಲ, ಅಥವಾ ಕೆಪಾಸಿಟರ್ 16ರದ್ದು ಅಂತಾದರೆ 12 ವೋಲ್ಟ್, 1 ಆಂಪಿನ ಎಸ್‌ಎಂಪಿಎಸ್ ತನ್ನಿ. ಇಲ್ಲಿ ಆಂಪ್ ಜಾಸ್ತಿ ಇದ್ದರೂ ತೊಂದರೆ ಇಲ್ಲ. ಚೀಟಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ‘ಆರ್’ ಅಕ್ಷರದ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ ತೆಗೆದುಕೊಳ್ಳಿ. ಇರುವ ಎಲಿಮಿನೇಟರಿನ ಮುಂದೆ ಒಂದು 7812 ಕೂರಿಸುವುದೂ ಒಂದು ದಾರಿ. ಬೆಸುಗೆ ಕಬ್ಬಿಣ ಹಿಡಿದು ಅಭ್ಯಾಸ ಇದ್ದರೆ ಮಾತ್ರ. ಹದಿನೈದೂವರೆಯನ್ನು 12ಕ್ಕೆ ಇಳಿಸಿ 120 ಮಿಲಿಆಂಪ್ ಕೊಡುವಾಗ ಅದರ ಮೇಲೆ ಬೀಳುವುದು ಅರ್ಧ ವ್ಯಾಟಿಗೂ ಕಮ್ಮಿ, ಹೀಟ್‌ಸಿಂಕ್ ಕೂಡ ಬೇಡ.

ಯಾವುದನ್ನೇ ಹಾಕಿ, ಚುಚ್ಚುವ ಮೊದಲು ಪ್ಲಸ್ ಮೈನಸ್ ನೋಡಿ. ವೋಲ್ಟೇಜ್ ಸ್ವಲ್ಪ ಜಾಸ್ತಿ ಆಗಿ ಸತ್ತ ಸಾಮಾನಿಗಿಂತ ಉಲ್ಟಾ ಚುಚ್ಚಿ ಸತ್ತದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ಪೆಟ್ಟಿಗೆಯ ಹಿಂದೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಬಳೆ, ಎರಡರಿಂದಲೂ ಪ್ಲಸ್, ಮೈನಸ್ ಗುರುತಿಗೆ ಗೆರೆ ಎಳೆದ ಚಿತ್ರ ಸಾಮಾನ್ಯವಾಗಿ ಇರುತ್ತದೆ. ಚುಕ್ಕಿ ಅಂದರೆ ಪಿನ್ನಿನ ಒಳಭಾಗ, ಬಳೆ ಅಂದರೆ ಹೊರಭಾಗ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕೆಂಪು ಕಡ್ಡಿಯನ್ನು ಒಳಗೆ, ಕಪ್ಪನ್ನು ಹೊರಗೆ ಮುಟ್ಟಿಸಿ. ಅಂಕಿಯ ಎಡಗಡೆ ಮೈನಸ್ ಗುರುತು ಬಂದರೆ ಒಳಗಿರುವುದು ಮೈನಸ್. ಪೆಟ್ಟಿಗೆಯ ಚಿತ್ರಕ್ಕೆ ಇದು ಹೊಂದಬೇಕು. ಡಿಸಿಯಲ್ಲಿ ಸೊನ್ನೆ ಬಂದರೆ ಅಡಾಪ್ಟರ್ ಸತ್ತಿದೆ ಅಂತ ಎಸೆಯಬೇಡಿ. ಎಸಿಯನ್ನೇ ಹೊರಗೆ ಕೊಡುವ ಅಡಾಪ್ಟರುಗಳೂ ಇವೆ. ಚೀಟಿಯಲ್ಲಿ ಔಟ್‌ಪುಟ್ ಪಕ್ಕ ಅಲೆಯ ಗುರುತಿದ್ದರೆ ಅದು ಎಸಿ. ನಿಮ್ಮ ಪೆಟ್ಟಿಗೆಗೆ ಅದು ಬೇಡ.

ಹಳೆಯದನ್ನು ಇನ್ನೂ ಎಸೆದಿಲ್ಲವಾದರೆ, ಪಿನ್ನಿನ ಬುಡದಲ್ಲೂ ಡಬ್ಬಿಯ ಬುಡದಲ್ಲೂ ವೈರನ್ನು ಬಗ್ಗಿಸುತ್ತಾ ಮೀಟರ್ ನೋಡಿ. ಒಂದು ಕೋನದಲ್ಲಿ 17 ಬಂದು ಹೋಗಿ ಮಾಡಿದರೆ ಒಳಗೆ ತಂತಿ ತುಂಡಾಗಿದೆ ಅಷ್ಟೆ, ಕತ್ತರಿಸಿ ಹೊಸ ಪಿನ್ ಹಾಕಿದರೆ ಇನ್ನೂ ಹತ್ತು ವರ್ಷ ಬರುತ್ತದೆ. ಎಲ್ಲಿ ಬಗ್ಗಿಸಿದರೂ ಸೊನ್ನೆ ಅಂದರೆ ಟ್ರಾನ್ಸ್‌ಫಾರ್ಮರಿನ ಒಳಗಿನ ಫ್ಯೂಸ್ ಹೋಗಿರಬಹುದು, ಸುರುಳಿಯೇ ಸುಟ್ಟಿರಲೂಬಹುದು. ಅದನ್ನು ಬಿಚ್ಚಲು ಹೋಗಬೇಡಿ, 230 ವೋಲ್ಟ್ ಬರುವ ಕಡೆ ಅದು. ಪಿನ್ ಇರುವ ವೈರನ್ನು ಮಾತ್ರ ಒಂದು ಗೇಣು ಬಿಟ್ಟು ಕತ್ತರಿಸಿ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಸರಿಹೊಂದುವ ಪಿನ್ ಮುಂದೆ ಹುಡುಕಿದರೂ ಸಿಗದೆ ಹೋಗಬಹುದು.